ಹುದುವಾದ ಸ್ವತ್ತೂ ಸಂತೆಯ ಕ್ರಮವೂ

ಆದಿಸಭೆಯವರು ಸ್ವತ್ತನ್ನು ಹುದುವಾಗಿ ಅನುಭವಿಸಿದರಲ್ಲಾ, ಕಮ್ಯುನಿಸ್ಟರ ಮಾರ್ಗವೂ ಅದೇ ಅಲ್ಲವೇ ಎಂದು ನಮ್ಮ ಸಭೆಗಳ ಯೌವನಸ್ಥರು ಕೇಳುವುದುಂಟು. ಪ್ರಿಯ ವಾಚಕರೇ, ಅನನೀಯನ ವೃತ್ತಾಂತವನ್ನು ಗಮನಿಸಿರಿ. ಹೊಲವೂ ಅದನ್ನು ಮಾರಿದ ಹಣವೂ ಅವನ ಅಧೀನದಲ್ಲಿಯೇ ಇದ್ದವೆಂದು ಪೇತ್ರನು ಒಪ್ಪಿದನು, ಖಂಡಿಸಿದ್ದು ಸುಳ್ಳನ್ನು. ಸೋವಿಯತ್ ದೇಶದಲ್ಲಾದರೋ 1929ರಿಂದ ರೈತರ ಹೊಲಗಳನ್ನು ಬಲಾತ್ಕಾರದಿಂದ ಒಂದುಗೂಡಿಸಿ, ದವಸವನ್ನು ಸರಕಾರವು ಸೆಳೆದುಕೊಂಡಿತು. 1932-33ರ ಕ್ಷಾಮದಲ್ಲಿ ಲಕ್ಷಗಟ್ಟಲೆ ಜನರು ಸತ್ತರು. ಹಂದಿ ನುಗ್ಗುವ ರಾತ್ರಿಯಲ್ಲಿ ತನ್ನದಲ್ಲದ ಪೈರನ್ನು ಯಾರು ಕಾಯುವರು?

ಆದುದರಿಂದ ಎರಡರಲ್ಲಿ ಸಂತೆಯ ಕ್ರಮವೇ ಮೇಲೆನ್ನುವೆನು. ಆದರೆ ಅದರ ನ್ಯಾಯವನ್ನೂ ನೋಡಿರಿ. ಪಾವಗಡದ ತಿರುಮಣಿ, ವಳ್ಳೂರು ಮುಂತಾದ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆ ನೆಲವು ಸೂರ್ಯವಿದ್ಯುತ್ತಿಗಾಗಿ ಗುತ್ತಿಗೆಗೆ ಹೋಯಿತು. ಮೊದಲು ಗೊತ್ತಾದ ಹಣ ಎಕರೆಗೆ ವರುಷಕ್ಕೆ 21,000 ರೂಪಾಯಿ. ಮಳೆಗಾಣದ ಸೀಮೆಗೆ ಇದು ಸಣ್ಣ ಉಪಕಾರವಲ್ಲ. ಹಣ ಸೇರುವುದಾದರೋ ಪಹಣಿಯಲ್ಲಿ ಹೆಸರಿದ್ದವನಿಗೆ. ಅದೇ ಹೊಲದಲ್ಲಿ ಕಡಲೆಕಾಯಿ ಕಿತ್ತು ಜೀವಿಸುತ್ತಿದ್ದ ಕೂಲಿಯವನಿಗೆ ಮೊದಲೇ ನೆಲವಿರಲಿಲ್ಲ, ಈಗ ಕೆಲಸವೂ ಇಲ್ಲ. ಮಾರುವುದಕ್ಕೆ ಏನೂ ಇಲ್ಲದವನನ್ನು ಸಂತೆಯು ಕಾಣದು.

ಮಕೆದೋನ್ಯದ ಸಭೆಗಳು ತಾವೇ ಬಡವರಾಗಿದ್ದರೂ ಯೆರೂಸಲೇಮಿನ ಬಡವರಿಗೆ ಹಣ ಕೂಡಿಸಿದವು. ಅದನ್ನು ಯಾವ ಅಧಿಕಾರಿಯೂ ವಸೂಲು ಮಾಡಲಿಲ್ಲ. ಅಂಥ ಹುದುವಾದ ಬಾಳ್ವೆಯು ಒಂದು ದೇಶಕ್ಕೆ ಸಾಲದೆಂದೇ ನನ್ನ ಅಭಿಪ್ರಾಯ. ತಿರುಮಣಿಯ ಒಂದು ಕೇರಿಗೆ ಸಾಲೀತು.