ಚೀಲವೂ ಚಪಲವೂ

ಸೈಕಲ್ಲಿನ ಹಿಂದಿನ ಚಕ್ರದ ಇಕ್ಕೆಲಗಳಿಗೆ ತೂಗುಹಾಕುವ ಜೋಡಿ ಚೀಲಕ್ಕೆ ‘ಪ್ಯಾನಿಯರ್’ ಎಂದು ಹೆಸರು. ಪದದ ಮೂಲ ಲ್ಯಾಟಿನ್. ಅರ್ಥ, ರೊಟ್ಟಿಯ ಬುಟ್ಟಿ. ಈಗ ಅಂಗಡಿಗಳಲ್ಲಿ 40 ಲೀಟರಿನ ಜೋಡಿಯೂ ಸಿಗುತ್ತದೆ. ದೊಡ್ಡದನ್ನೇ ಕೊಂಡರೆ ತಪ್ಪೇನು, ಬೇಡವಾದಾಗ ಖಾಲಿ ಬಿಟ್ಟರಾಯಿತು ಎನ್ನಬಹುದು. ಆದರೆ ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಡಬಲ್ಲ ಮನುಷ್ಯ ಅಪರೂಪ. ಅಗತ್ಯಕ್ಕೆಂದು ಚೀಲ ಕೊಳ್ಳುತ್ತೇವೆ. ಮರುದಿನದಿಂದ ಚೀಲವೇ ಅಗತ್ಯಗಳನ್ನು ಹುಡುಕತೊಡಗುತ್ತದೆ.

ಬೆನ್ನಿನ ಹೊರೆ ಹೆಗಲನ್ನು ನೋಯಿಸಿ ‘ಸಾಕು’ ಎನ್ನುತ್ತದೆ. ಚಕ್ರದ ಹೊರೆಗೆ ಆ ಬಾಯಿಲ್ಲ. ತೂಕ ಕೆಳಗಿದ್ದು ಎರಡು ಬದಿಯೂ ಸಮವಾಗಿದ್ದರೆ ಸವಾರಿ ನೆಮ್ಮದಿಯದು. ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿದವರೆಲ್ಲ ಇದನ್ನು ಬಲ್ಲರು. ಆದರೆ ಸುಖವಾಗಿ ಹೊತ್ತ ಮಾತ್ರಕ್ಕೆ ಹೊರೆ ಇಲ್ಲವಾಗುವುದಿಲ್ಲ. ಹಿಂದಿನ ಚಕ್ರದ ಕಡ್ಡಿಗಳು ಅದನ್ನು ತಾಳಿಕೊಂಡಿರುತ್ತವೆ. ಏರು ಬಂದಾಗ ಮುಂದಿನ ಚಕ್ರ ಹಗುರಾಗಿ ಓಲಾಡಿ ನಮಗೂ ತಿಳಿಸುತ್ತದೆ.

ಹಾಗೆಂದು ಬರಿಗೈಯಲ್ಲಿ ಹೊರಡುವುದೂ ವೈರಾಗ್ಯವಲ್ಲ. ಮಳೆ ಬಂದಾಗ ಪರರ ಕೊಡೆ ಬೇಡುವವನು ತನ್ನ ಹೊರೆಯನ್ನು ಅವರಿಗೆ ದಾಟಿಸಿದನಷ್ಟೆ. ಒಯ್ಯಬೇಕಾದುದನ್ನು ಮೊದಲು ನೆಲದ ಮೇಲೆ ಹರಡಿ ನೋಡಿ, ಆಮೇಲೆ ಚೀಲ ಆರಿಸುವುದು ಲೇಸು. ತುಳಿಯುವ ಹಿಮ್ಮಡಿಗೆ ಚೀಲ ತಾಗಬಾರದೆಂಬ ಒಂದು ನಿಯಮವಿದೆ. ಚೀಲಕ್ಕಷ್ಟೇ ಏಕೆ, ನಮ್ಮ ಸ್ವತ್ತುಗಳಿಗೆಲ್ಲ ಅದು ಸಲ್ಲುತ್ತದೆ.