ಹೆಸರು ಯಾರ ಸ್ವತ್ತು?

ಬೈಂದೂರಿನಿಂದ ಕುಂದಾಪುರಕ್ಕೆ ಹೋಗುವ ಬಸ್ಸಿನಲ್ಲಿ ಗುರುತಿಲ್ಲದ ಇಬ್ಬರು ಅಕ್ಕಪಕ್ಕ ಕೂತರೆಂದು ಇಟ್ಟುಕೊಳ್ಳಿ. ನಾವುಂದ ಬರುವುದರೊಳಗೆ ಊರು ಯಾವುದೆಂದು ಕೇಳಿ ಆಗಿರುತ್ತದೆ. ಮರವಂತೆಯಲ್ಲಿ ಕಡಲು ಕಾಣುವ ಹೊತ್ತಿಗೆ ಹೆಸರೂ ಗೊತ್ತಾಗಿರುತ್ತದೆ. ಆದರೆ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ಹೆಮ್ಮಾಡಿ ದಾಟುವಾಗ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: "ಅಲ್ಲ, ನೀವ್ ಯಾರ ಪೈಕಿ?" ಹೆಸರು ಹೇಳಿದವನು ತಾನು ಯಾರೆಂದು ಹೇಳಿದ್ದೇನೆ ಅಂದುಕೊಂಡಿರುತ್ತಾನೆ. ಕೇಳಿದವನಿಗೆ ಅದು ಸಾಕಾಗಿರುವುದಿಲ್ಲ. ಹೆಸರಿನ ಮುಂದೆ ಏನಿದೆ, ಶೆಟ್ಟಿಯೋ, ಪೂಜಾರಿಯೋ, ಖಾರ್ವಿಯೋ, ದೇವಾಡಿಗನೋ, ಐತಾಳನೋ, ಅದು ತಿಳಿಯುವವರೆಗೆ ಅವನಿಗೆ ಪಕ್ಕದಲ್ಲಿ ಕೂತವನು ಅರ್ಧ ಮನುಷ್ಯ ಮಾತ್ರ.

ಹೆಸರು ನನ್ನದು ಎಂದು ನಾವು ಸಲೀಸಾಗಿ ಹೇಳುತ್ತೇವೆ. ನಿಜವಾಗಿ ನೋಡಿದರೆ ನಮ್ಮ ಬಳಿ ಇರುವ ಎಲ್ಲ ವಸ್ತುಗಳ ಪೈಕಿ ನಾವು ಅತಿ ಕಡಿಮೆ ಬಳಸುವುದು ಅದನ್ನೇ. ಬಳಸುವವರು ಉಳಿದವರು. ಅದನ್ನು ಆರಿಸಿದವರೂ ನಾವಲ್ಲ. ನಮ್ಮನ್ನು ಕೇಳದೆ ಕೊಟ್ಟ, ಜೀವಮಾನವಿಡೀ ಹೊತ್ತು ತಿರುಗಬೇಕಾದ ಈ ವಸ್ತುವಿನ ಒಡೆಯ ಯಾರು? ಕೊಟ್ಟವನೋ, ಕರೆಯುವವನೋ, ಹೊತ್ತವನೋ?

ಕೊಡುವ ಕ್ರಮವನ್ನೇ ಮೊದಲು ನೋಡೋಣ. ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ನಾಮಕರಣ. ಹರಿವಾಣದ ಅಕ್ಕಿಯಲ್ಲಿ ಉಂಗುರದಿಂದ ಹೆಸರು ಬರೆದು ಮಗುವಿನ ಕಿವಿಯಲ್ಲಿ ಹೇಳುತ್ತಾರೆ. ಪಂಚಾಂಗದಲ್ಲಿ ಇಪ್ಪತ್ತೇಳು ನಕ್ಷತ್ರ, ಪ್ರತಿ ನಕ್ಷತ್ರಕ್ಕೆ ನಾಲ್ಕು ಪಾದ, ಪಾದಕ್ಕೊಂದು ಅಕ್ಷರ, ಹೀಗೆ ಒಟ್ಟು 108. ಅಶ್ವಿನಿಯಲ್ಲಿ ಹುಟ್ಟಿದ ಮಗುವಿಗೆ ಚು, ಚೆ, ಚೋ, ಲ. ಅದು ನಕ್ಷತ್ರದ ಹೆಸರು. ವ್ಯವಹಾರದ ಹೆಸರು ಬೇರೆ. ಅದು ಬಹಳ ಕಾಲ ಅಜ್ಜನದೋ ಅಜ್ಜಿಯದೋ ಆಗಿರುತ್ತಿತ್ತು. ಅಲ್ಲಿ ಒಂದು ತಮಾಷೆಯ ತೊಡಕು ಇತ್ತು. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲ. ಮಗನಿಗೆ ಅದೇ ಹೆಸರು ಇಟ್ಟರೆ ಹೆತ್ತ ತಾಯಿಯೇ ಮಗನನ್ನು ಹೆಸರಿಡಿದು ಕರೆಯುವಂತಿಲ್ಲ. ಹಾಗಾಗಿ ಅವಳ ಬಾಯಲ್ಲಿ ಅವನು ಪುಟ್ಟನೋ ಅಪ್ಪುವೋ ಆದ. ಶಾಲೆಯಲ್ಲಿ ಶ್ರೀನಿವಾಸ, ಅಂಗಳದಲ್ಲಿ ಶೀನ, ಅಡಿಗೆಮನೆಯಲ್ಲಿ ಪುಟ್ಟ. ಮೂರರಲ್ಲಿ ನಿಜವಾದದ್ದು ಯಾವುದೆಂದು ಅವನನ್ನೇ ಕೇಳಿದರೆ, ಮುದುಕನಾದ ಮೇಲೂ ಅಡಿಗೆಮನೆಯದ್ದೇ ಎಂದಾನು.

ದೇವರ ಹೆಸರಿಡುವುದಕ್ಕೆ ಹಿರಿಯರು ಕೊಡುತ್ತಿದ್ದ ಕಾರಣ ಅಜಾಮಿಳನ ಕತೆ. ಭಾಗವತದ ಆ ಮನುಷ್ಯ ದಾರಿಬಿಟ್ಟು ಬದುಕಿದವನು. ಸಾಯುವ ಹೊತ್ತಿನಲ್ಲಿ ಕಿರಿಯ ಮಗನನ್ನು "ನಾರಾಯಣ" ಎಂದು ಕೂಗಿದ. ವಿಷ್ಣುದೂತರು ಬಂದರು, ಯಮದೂತರು ಹಿಂದೆ ಸರಿಯಬೇಕಾಯಿತು. ಕತೆಯ ತಿರುಳು ಕರೆಯುವವನಿಗೆ ಸಿಕ್ಕ ಪುಣ್ಯ. ಕರೆಸಿಕೊಂಡ ಮಗನಿಗೆ ಅದರಿಂದ ಏನು ಸಿಕ್ಕಿತೆಂದು ನಾವು ಕೇಳುವುದಿಲ್ಲ. ಹೆಸರು ಹೊತ್ತವನಿಗಿಂತ ಕರೆಯುವವನಿಗೇ ಹೆಚ್ಚು ಸೇರಿದ್ದು ಎಂಬ ಮಾತು ಈ ಪುರಾಣದಲ್ಲೇ ಅಡಗಿದೆಯೇನೋ!

ದೂರದ ಸ್ವೀಡನ್ ದೇಶದಲ್ಲಿ ಇದಕ್ಕೆ ಚೆಂದದ ಒಂದು ಪದ್ಧತಿ ಇದೆ. ಅವರ ಪಂಚಾಂಗದಲ್ಲಿ ಹೆಚ್ಚುಕಡಿಮೆ ಪ್ರತಿ ತಾರೀಕಿನ ಮುಂದೆಯೂ ಒಂದೆರಡು ಹೆಸರು ಅಚ್ಚಾಗಿರುತ್ತದೆ. ಡಿಸೆಂಬರ್ 13 ಲೂಸಿಯಾ ಎಂಬುವರ ದಿನ. ಆ ಹೆಸರಿನ ಎಲ್ಲರಿಗೂ ಅಂದು ಶುಭಾಶಯ, ಕಾಫಿ, ಮನೆಯಲ್ಲಿ ಸಣ್ಣ ಸಂಭ್ರಮ. ಮೊದಲು ಇವು ಸಂತರ ಸ್ಮರಣೆಯ ದಿನಗಳು. ಹದಿನಾರನೆಯ ಶತಮಾನದಲ್ಲಿ ದೇಶ ಲೂಥರನ ಮತಕ್ಕೆ ಬಂದ ಮೇಲೆ ಸಂತರ ಪೂಜೆ ಹೋಯಿತು, ಹೆಸರುಗಳು ಉಳಿದವು. ಪಂಚಾಂಗ ಅಚ್ಚುಹಾಕುವ ಏಕಸ್ವಾಮ್ಯ 1747ರಿಂದ 1972ರವರೆಗೆ ಅಲ್ಲಿನ ವಿಜ್ಞಾನ ಅಕಾಡೆಮಿಯ ಕೈಯಲ್ಲಿತ್ತು. 1901ರಲ್ಲಿ ಪಟ್ಟಿ ದೊಡ್ಡದಾಗಿ ಪರಿಷ್ಕಾರವಾಯಿತು, ಈಗಿನದು 2001ರದ್ದು. ಹೊಸವರ್ಷ, ಕ್ರಿಸ್‌ಮಸ್‌ನಂಥ ಕೆಲವು ದಿನಗಳನ್ನು ಮಾತ್ರ ಯಾರ ಹೆಸರಿಗೂ ಕೊಟ್ಟಿಲ್ಲ. ಹುಟ್ಟುಹಬ್ಬ ಒಬ್ಬನದು, ಹೆಸರಿನ ಹಬ್ಬ ಆ ಹೆಸರಿನ ಎಲ್ಲರದು. ಗುರುತಿಲ್ಲದವರನ್ನೂ ಒಂದೇ ದಿನ ನೆನೆಯುವ ಈ ಏರ್ಪಾಟು ನನಗೆ ಹಿಡಿಸುತ್ತದೆ. ಆದರೂ ಪಟ್ಟಿಯಲ್ಲಿಲ್ಲದ ಹೆಸರಿನವನಿಗೆ ದಿನವಿಲ್ಲ. ಯಾವ ಹೆಸರು ಪಟ್ಟಿಗೆ ಸೇರಬೇಕೆಂದು ತೀರ್ಮಾನಿಸುವವರು ಅಲ್ಲಿಯೂ ಯಾರೋ ಒಬ್ಬರು ಇದ್ದೇ ಇದ್ದಾರೆ.

ಅಲ್ಲಿ ಹೆಸರಿಗೊಂದು ದಿನ ಕೊಟ್ಟರು. ನಮ್ಮ ನೆರೆಯಲ್ಲಿ, ಉಡುಪಿಯಿಂದಾಚೆಯ ತುಳುನಾಡಿನಲ್ಲಿ, ದಿನವನ್ನೇ ಹೆಸರಾಗಿ ಕೊಟ್ಟರು. ಆದಿತ್ಯವಾರ ಹುಟ್ಟಿದವ ಐತ, ಸೋಮವಾರದವ ಚೋಮ, ಮಂಗಳವಾರದವ ಅಂಗಾರ, ಬುಧವಾರದವ ಬೂದ, ಗುರುವಾರದವ ಗುರುವ, ಶುಕ್ರವಾರದವ ತುಕ್ರ, ಶನಿವಾರದವ ಚನಿಯ. ಕೇಳಲು ಚೆಂದ, ನೆನಪಿಡಲು ಸುಲಭ. ಆದರೆ ಈ ಹೆಸರುಗಳು ಯಾರ ಮನೆಯಲ್ಲಿ ಇದ್ದವು ಎಂದು ಕೇಳಿದೊಡನೆ ಚೆಂದ ಅಷ್ಟಕ್ಕೆ ನಿಲ್ಲುತ್ತದೆ. ಗದ್ದೆ ಉತ್ತು ನೇಜಿ ನೆಟ್ಟು ಒಡೆಯನ ಅಂಗಳದಾಚೆ ನಿಂತ ಜನರ ಮನೆಗಳಲ್ಲಿ. ಶಿವರಾಮ ಕಾರಂತರ 'ಚೋಮನ ದುಡಿ' 1933ರಲ್ಲಿ ಬಂತು. ಅದರ ನಾಯಕ ಚೋಮ, ಮಕ್ಕಳಲ್ಲಿ ಇಬ್ಬರು ಚನಿಯ, ಗುರುವ. ಒಂದೇ ಗುಡಿಸಲಿನಲ್ಲಿ ವಾರದ ಮೂರು ದಿನ! ತುಂಡು ನೆಲವನ್ನು ಸ್ವಂತಕ್ಕೆ ಸಾಗುವಳಿ ಮಾಡುವ ಆಸೆ ಚೋಮನಿಗೆ ಕೊನೆಗೂ ಕೈಗೂಡಲಿಲ್ಲ. ಭೂಮಿಯನ್ನು ಕೊಡದ ಲೋಕ ಹೆಸರನ್ನೂ ಧಾರಾಳವಾಗಿ ಕೊಡಲಿಲ್ಲ.

ಇದು ಬರಿಯ ಅಭ್ಯಾಸಬಲ ಎನ್ನೋಣವೆ? ಮನುಸ್ಮೃತಿಯ ಎರಡನೆಯ ಅಧ್ಯಾಯ ಬ್ರಾಹ್ಮಣನ ಹೆಸರು ಮಂಗಲವನ್ನೂ ಕ್ಷತ್ರಿಯನದು ಬಲವನ್ನೂ ವೈಶ್ಯನದು ಧನವನ್ನೂ ಸೂಚಿಸಬೇಕೆಂದು ಹೇಳಿ, ಶೂದ್ರನದು ಹೇಸಿಕೆಯನ್ನು ಸೂಚಿಸಲಿ ಎಂದು ವಿಧಿಸುತ್ತದೆ. ತೊಟ್ಟಿಲಲ್ಲಿರುವ ಕೂಸು ಯಾವ ತಪ್ಪು ಮಾಡಿತ್ತು? ಹೆಸರು ಮನುಷ್ಯನಿಗೆ ಮೊದಲು ಸಿಗುವ ಉಡುಗೊರೆ ಎನ್ನುತ್ತೇವೆ. ಕೆಲವರಿಗೆ ಅದು ಮೊದಲು ಸಿಗುವ ದಂಡನೆಯೂ ಆಗಿತ್ತು.

ಹಾಗೆಂದು ಕೇಳಲು ಒರಟಾದ ಹೆಸರೆಲ್ಲ ತಿರಸ್ಕಾರದ್ದಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮಗುವಿಗೆ ಗುಂಡ ಎಂದೋ ತಿಪ್ಪ ಎಂದೋ ಹೆಸರಿಡುತ್ತಿದ್ದರು. ಕಲ್ಲುಗುಂಡಿನಂತೆ ಗಟ್ಟಿಯಾಗಿ ಉಳಿಯಲಿ, ತಿಪ್ಪೆಯ ವಸ್ತುವೆಂದು ಮೃತ್ಯು ಕಣ್ಣೆತ್ತಿಯೂ ನೋಡದಿರಲಿ ಎಂಬ ತಾಯಿಯ ಉಪಾಯ ಅದು. ಇದಕ್ಕೆ ಸರಿಯಾಗಿ ಎದುರು ನಿಂತದ್ದು ನೆರೆಯ ಮಹಾರಾಷ್ಟ್ರದ ನಕುಸಾ. ಗಂಡುಮಗು ಬೇಕೆಂದಿದ್ದಾಗ ಹುಟ್ಟಿದ ಹೆಣ್ಣಿಗೆ 'ಬೇಡವಾದವಳು' ಎಂಬ ಅರ್ಥದ ಹೆಸರು. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ 280ಕ್ಕೂ ಹೆಚ್ಚು ಹುಡುಗಿಯರಿಗೆ ಸಾರ್ವಜನಿಕ ಸಮಾರಂಭ ನಡೆಸಿ ಹೊಸ ಹೆಸರು ಕೊಟ್ಟರು. ತಿಪ್ಪ ಎಂದರೆ 'ಹೋಗಬೇಡ' ಎಂದು ಅರ್ಥ, ನಕುಸಾ ಎಂದರೆ 'ಯಾಕೆ ಬಂದೆ' ಎಂದು. ಎರಡೂ ನಿಘಂಟಿನಲ್ಲಿ ಒಳ್ಳೆಯ ಪದಗಳಲ್ಲ. ಬೇರೆ ಮಾಡುವುದು ಕರೆದವರ ಮನಸ್ಸು.

ನಮ್ಮೂರ 'ಮಾಣಿ'ಯ ಗತಿಯನ್ನೇ ನೋಡಿ. ಕುಂದಾಪುರದ ಕನ್ನಡದಲ್ಲಿ ಮಾಣಿ ಎಂದರೆ ಹುಡುಗ. "ಎಂತ ಮಾಣಿ, ಉಂಡ್ಯಾ?" ಎಂಬ ಮಾತಿನಲ್ಲಿ ಅಕ್ಕರೆಯಲ್ಲದೆ ಬೇರೇನಿಲ್ಲ. ಆ ಮಾಣಿ ಮನೆಯ ಬಡತನಕ್ಕೆ ಘಟ್ಟ ಹತ್ತಿ ಬೆಂಗಳೂರಿನ ಹೋಟೆಲು ಸೇರಿದ. ಅಲ್ಲಿ ಪದ ಅವನೊಂದಿಗೇ ಹೋಯಿತು, ಅಕ್ಕರೆ ಇಲ್ಲೇ ಉಳಿಯಿತು. ಲೋಟ ಎತ್ತುವವನು, ಮೇಜು ಒರೆಸುವವನು ಯಾವನೇ ಆಗಲಿ, ಐವತ್ತು ವರ್ಷದವನೇ ಆಗಲಿ, "ಏ ಮಾಣಿ!" ಒಂದೇ ಒಂದು ಅಕ್ಷರ ಬದಲಾಗದೆ ಮಾತು ತಲೆಕೆಳಗಾಯಿತು. ಹಾಗೆ ಕರೆದವರಲ್ಲಿ ಅವನ ನಿಜವಾದ ಹೆಸರು ಕೇಳಿದವರು ಎಷ್ಟು ಮಂದಿ?

ಹೆಣ್ಣುಮಕ್ಕಳ ಹೆಸರಿನ ಪಾಡು ಇನ್ನೊಂದು. ಗಂಡನ ಹೆಸರನ್ನು ಹೇಳುವಂತಿಲ್ಲ, 'ಇವರು' ಎನ್ನಬೇಕು. ತನ್ನ ಹೆಸರನ್ನೋ ಮದುವೆಯ ದಿನ ಬಿಟ್ಟು ಬರಬೇಕಾದೀತು. ಕುಂದಾಪುರದಲ್ಲಿ 1945ರಲ್ಲಿ ಹುಟ್ಟಿದ ನಮ್ಮ ದೊಡ್ಡ ಲೇಖಕಿಯೊಬ್ಬರಿಗೆ ತವರಿನ ಹೆಸರು ವಾಸಂತಿ, ಮದುವೆಯ ಮೇಲೆ ಜಾನಕಿ. ಕತೆಯೊಂದನ್ನು 'ಸುಧಾ'ಕ್ಕೆ ಕಳಿಸಿ, ಪ್ರಕಟಿಸುವುದು ಬೇಡವೆಂದು ಮತ್ತೆ ತಿಳಿಸಿದಾಗ, ಸಂಪಾದಕರು 'ವೈದೇಹಿ' ಎಂಬ ಹೆಸರು ಹಾಕಿ ಅಚ್ಚು ಮಾಡಿದರು. ಅದೇ ನಿಂತಿತು. ಜಾನಕಿ ಎಂದರೆ ಜನಕನ ಮಗಳು, ವೈದೇಹಿ ಎಂದರೆ ವಿದೇಹದವಳು. ಒಂದು ತಂದೆಯದು, ಒಂದು ದೇಶದ್ದು. ನೇಗಿಲಿನ ಗೆರೆ ಎಂಬ ಅರ್ಥದ 'ಸೀತೆ' ಮಾತ್ರ ಅವಳು ಸಿಕ್ಕಿದ ನೆಲದ್ದು. ಇತರರು ಇಟ್ಟ ಆ ಹೆಸರನ್ನು ಈ ಲೇಖಕಿ ನಾಲ್ಕಾರು ದಶಕ ಬರೆದು ಬರೆದು ತಮ್ಮದಾಗಿ ಮಾಡಿಕೊಂಡರು. ಕೊಟ್ಟ ಹೆಸರು ಹೀಗೂ ಸ್ವಂತವಾಗಬಲ್ಲದು.

ಕಾರಂತರ ಮೂಕಜ್ಜಿಯದೂ ಇದೇ ದಾರಿ. ಕೊಲ್ಲೂರಿನ ದೇವಿ ಅಸುರನನ್ನು ಮೂಕನಾಗಿಸಿದ್ದರಿಂದ ಮೂಕಾಂಬಿಕೆಯಾದಳೆಂದು ಸ್ಥಳಪುರಾಣ. ಅವಳ ಹೆಸರು ಹೊತ್ತ ಅಜ್ಜಿ ಊರವರ ನಾಲಗೆಯಲ್ಲಿ ಬರೀ ಮೂಕಜ್ಜಿ. 1968ರ ಆ ಕಾದಂಬರಿಯಲ್ಲಿ ಇಡೀ ಕನ್ನಡ ಕೂತು ಕೇಳುವಂತೆ ಮಾತಾಡಿದವಳು ಅವಳೇ.

ಹಾಗಾದರೆ ಹೆಸರು ಬದಲಿಸಿಕೊಳ್ಳುವುದು ಸರಿಯೆ? ತುಕ್ರನ ಮೊಮ್ಮಗ ಇವತ್ತು ಪ್ರಮಾಣಪತ್ರ ಮಾಡಿಸಿ, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಹೊಸ ಹೆಸರು ಹೊಂದಬಹುದು. ಆಗ ನಮ್ಮಂಥ ಕೆಲವರು ಕೊರಗುವುದುಂಟು: ಎಂಥ ಮಣ್ಣಿನ ವಾಸನೆಯ ಹೆಸರುಗಳು, ಅಯ್ಯೋ, ಮಾಯವಾಗುತ್ತಿವೆ! ಈ ಕೊರಗಿನಲ್ಲಿ ನಿಜವಿಲ್ಲದಿಲ್ಲ. ಹೆಸರಿನೊಂದಿಗೆ ಒಂದು ಭಾಷೆಯ ತುಣುಕು, ಒಬ್ಬ ಅಜ್ಜನ ನೆನಪು ಹೋಗುತ್ತದೆ. ಆದರೆ ಆ ಹೆಸರಿನಿಂದ ಒಂದು ದಿನವೂ ಅಂಗಳದಾಚೆ ನಿಲ್ಲದವರು ಅದನ್ನು ಉಳಿಸು ಎಂದು ಹೊತ್ತವನಿಗೆ ಹೇಳುವುದು ನ್ಯಾಯವಲ್ಲ. ಅಷ್ಟು ಇಷ್ಟವಿದ್ದರೆ ನಮ್ಮ ಮಗುವಿಗೆ ತುಕ್ರನೆಂದು ಹೆಸರಿಡಬೇಕು. ಇಡುವುದಿಲ್ಲ ಎಂದಾದರೆ ವಾದ ಅಲ್ಲಿಗೆ ಮುಗಿಯಿತು.

ಅವಮಾನ ಹೆಸರಿನಲ್ಲಿಲ್ಲ, ಕರೆಯುವ ದನಿಯಲ್ಲಿದೆ ಎಂಬ ಇನ್ನೊಂದು ಮಾತಿದೆ. ಅದೂ ಸರಿಯೆ. ಹೆಸರು ಬದಲಾದರೂ ದನಿ ಬದಲಾಗದಿದ್ದರೆ, "ಮುಂದೆ?" ಎಂಬ ಪ್ರಶ್ನೆ ಹೊಸ ಹೆಸರನ್ನೂ ಹಿಂಬಾಲಿಸುತ್ತದೆ. ಆದ್ದರಿಂದ ಕೆಲಸ ಎರಡೂ ಕಡೆ ಇದೆ. ಹೊತ್ತವನಿಗೆ ಬದಲಿಸುವ ಹಕ್ಕು. ಕರೆಯುವವನಿಗೆ ದನಿ ತಿದ್ದಿಕೊಳ್ಳುವ ಹೊಣೆ. ಹಕ್ಕನ್ನು ಕಾನೂನು ಕೊಡುತ್ತದೆ, ಹೊಣೆಯನ್ನು ಯಾವ ಗೆಜೆಟ್ಟೂ ಕೊಡಲಾರದು.

ನಮ್ಮ ಕಡೆ ಒಬ್ಬನ ಬದುಕು ನೆಟ್ಟಗಾದ ಹಾಗೆ ಅವನ ಹೆಸರೂ ಬೆಳೆಯುತ್ತದೆ. ಹೊಳೆ ಬದಿಯ ಮಂಜ ಬೊಂಬಾಯಿಗೆ ಹೋಗಿ ಬಂದರೆ ಮಂಜಣ್ಣ, ಮನೆ ಕಟ್ಟಿಸಿದರೆ ಮಂಜುನಾಥಣ್ಣ. ಮನುಷ್ಯ ಮಾತ್ರ ಅವನೇ. ಹಾಗಿದ್ದರೆ ಆ 'ಅಣ್ಣ'ನನ್ನು ಹಣಕ್ಕೆ ಕಾಯದೆ ಮೊದಲೇ ಕೊಟ್ಟುಬಿಟ್ಟರೆ ನಮ್ಮ ಗಂಟೇನು ಹೋಗುತ್ತಿತ್ತು? ಸ್ವೀಡನ್ನಿನವರಂತೆ ವರ್ಷಕ್ಕೊಂದು ದಿನ ಹಬ್ಬ ಮಾಡುವ ಅಗತ್ಯವೂ ಇಲ್ಲ. ಹಾಲು ತಂದವಳ ಹೆಸರು, ತೆಂಗಿನಮರ ಹತ್ತಿದವನ ಹೆಸರು, ಹೋಟೆಲಿನಲ್ಲಿ ನೀರಿಟ್ಟವನ ಹೆಸರು ಕೇಳಿ ತಿಳಿದು, ಪೂರ್ತಿಯಾಗಿ ಒಮ್ಮೆ ಕರೆದರೆ ಸಾಕು. ಅದರ ಮುಂದೆ ಏನಿದೆ ಎಂದು ಕೇಳದೆ.