ಮುಚ್ಚಿದ ಚಿಪ್ಪು

ಆವರಗೆರೆಯು ತನ್ನ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತುಕೊಂಡಿರುವ ಊರು. ನಮ್ಮ ಸೀಮೆಯ ಕೆರೆಗಳು ಬೇಸಿಗೆಯಲ್ಲಿ ಬತ್ತಿ ಬಿರುಕುಬಿಡುವುದನ್ನು ನಾವೆಲ್ಲರೂ ಬಲ್ಲೆವು. ಆಗ ಕೆರೆಯ ಬಸವನಹುಳವು ಕೆಸರಿನೊಳಗೆ ಇಳಿದು, ಚಿಪ್ಪಿನ ಬಾಯನ್ನು ಗಟ್ಟಿಯಾದ ಮುಚ್ಚಳದಿಂದ ಮುಚ್ಚಿಕೊಂಡು, ಉಣ್ಣದೆ ಚಲಿಸದೆ ತಿಂಗಳುಗಟ್ಟಲೆ ಮಲಗಿರುತ್ತದೆ. ಮಳೆಯ ನೀರು ನಿಂತ ಮೇಲೆ ಎದ್ದು ಬರುತ್ತದೆ.

ನಮ್ಮ ಕೆರೆಗೆ ವರುಷಕ್ಕೊಮ್ಮೆ ಬರುವ ಈ ಶೋಧನೆಯು ಕಡಲ ಬಂಡೆಗಳಿಗೆ ದಿನಕ್ಕೆ ಎರಡು ಸಾರಿ ಬರುತ್ತದೆ. ಮಲ್ಪೆಯ ಎದುರಿಗಿರುವ ಸೇಂಟ್ ಮೇರಿ ದ್ವೀಪದಂಥ ಸ್ಥಳಗಳಲ್ಲಿ ಇಳಿತದ ವೇಳೆ ಸಮುದ್ರವು ಹಿಂದೆ ಸರಿದು, ಬಂಡೆಯ ಗುಳಿಗಳಲ್ಲಿ ಮಾತ್ರ ನೀರು ಉಳಿಯುತ್ತದೆ. ಬಿಸಿಲು ಆ ನೀರನ್ನು ಕಾಯಿಸಿ ಉಪ್ಪನ್ನು ಹೆಚ್ಚಿಸುತ್ತದೆ. ಮಳೆ ಸುರಿದರೆ ಅದೇ ನೀರು ಸಪ್ಪೆಯಾಗುತ್ತದೆ. ಆದಾಗ್ಯೂ ಅಲ್ಲಿ ಜೀವಿಗಳು ಬದುಕುತ್ತವೆ. ಕಡಲಹೂವೆಂಬ ಪ್ರಾಣಿಯು ಬಂಡೆಯ ಮೇಲೆ ನೀರು ಬಿಟ್ಟುಹೋದಾಗ ತನ್ನ ಎಸಳುಗಳನ್ನು ಒಳಗೆಳೆದುಕೊಂಡು ಮುದ್ದೆಯಾಗುತ್ತದೆ. ಲಿಂಪೆಟ್ ಎಂಬ ಚಿಪ್ಪಿನ ಹುಳವು ಬಂಡೆಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಾರ್ನಕಲ್ ಎಂಬುದು ಬಂಡೆಯನ್ನು ಬಿಟ್ಟು ಕದಲಲಾರದು. ಅದು ತನ್ನ ಕದಗಳನ್ನು ಮುಚ್ಚಿ, ಒಳಗೆ ತುಸು ಸಮುದ್ರವನ್ನು ಕಾಪಾಡಿಕೊಳ್ಳುತ್ತದೆ.

ಹಾಗಾದರೆ ಕಷ್ಟಕಾಲದಲ್ಲಿ ಬಾಗಿಲು ಮುಚ್ಚಿಕೊಳ್ಳುವುದು ಪಾಪವೋ? ಪಾಪವೆಂದು ಹೇಳಲು ನಮಗೆ ಧೈರ್ಯವಿಲ್ಲ. ಆ ಕದವನ್ನು ಕೊಟ್ಟಾತನು ಸೃಷ್ಟಿಕರ್ತನೇ. 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರಕಾರವು ಸಾರಿತು. ಅಂಥಾ ದಿನಗಳಲ್ಲಿ ಸೇರು ಸೇರಾಗಿ ಜೋಳವನ್ನು ಎಣಿಸಿ ಮಕ್ಕಳಿಗೆ ಉಣಿಸಿದ ತಾಯಿಯನ್ನು ಕಠಿಣ ಹೃದಯದವಳೆಂದು ಯಾರು ಕರೆಯಬಲ್ಲರು?

ಆದರೆ ಬಾರ್ನಕಲಿನಿಂದ ಕಲಿಯತಕ್ಕ ಪಾಠ ಇನ್ನೂ ಉಳಿದಿದೆ. ಉಬ್ಬರದ ನೀರು ಮೇಲೆ ಬಂದೊಡನೆ ಅದು ಕದ ತೆರೆದು, ಗರಿಯಂಥ ಕಾಲುಗಳನ್ನು ಹೊರಚಾಚಿ ಆಹಾರವನ್ನು ಹಿಡಿಯುತ್ತದೆ. ಅದರ ಆಹಾರಕ್ಕೆ ಬೇರೆ ದಾರಿಯಿಲ್ಲ. ನೀರು ಬಂದ ಮೇಲೂ ತೆರೆಯದಿದ್ದರೆ, ತನ್ನನ್ನು ಕಾಪಾಡಿದ ಆ ಕದವೇ ಅದನ್ನು ಹಸಿವಿನಿಂದ ಕೊಲ್ಲುವುದು.

ನಮ್ಮ ದೋಷವಿರುವುದು ಇಲ್ಲಿಯೇ. 2024ರಲ್ಲಿ ಮಳೆ ಬಂತು, ಕೆರೆಗಳಿಗೆ ನೀರು ಬಂತು. ಬರದಲ್ಲಿ ಮುಚ್ಚಿದ ಕಣಜದ ಬಾಯಿಯನ್ನು ಮಾತ್ರ ನಮ್ಮಲ್ಲಿ ಅನೇಕರು ತೆರೆಯಲಿಲ್ಲ. ಅಭ್ಯಾಸವಾದ ಎಚ್ಚರಿಕೆಯು ಮೆಲ್ಲನೆ ಲೋಭವಾಯಿತು. ಸಾಲ ಕೇಳಿದ ನೆರೆಯವನೊಂದಿಗೆ ಅಂದು ನಿಂತ ಮಾತು ಇಂದಿಗೂ ನಿಂತೇ ಇದೆ.

ಇದಲ್ಲದೆ ಹುಳವು ನೀರು ಬಂದ ಮೇಲೆ ತೆರೆಯುವದು. ಚಾರೆಪ್ತದ ವಿಧವೆಯಾದರೋ ಮಳೆ ಬರುವ ಮೊದಲೇ, ಕೊನೆಯ ಹಿಡಿ ಹಿಟ್ಟಿನಿಂದ ಎಲೀಯನಿಗೆ ರೊಟ್ಟಿ ಮಾಡಿಕೊಟ್ಟಳು. ಆಕೆಯಷ್ಟು ನಂಬಿಕೆ ನಮಗಿಲ್ಲದಿದ್ದರೆ, ಬಂಡೆಯ ಹುಳದಷ್ಟಾದರೂ ನಮಗಿರಬೇಡವೇ? ಆದಕಾರಣ ಬರದಲ್ಲಿ ಮುಚ್ಚಿದ ಒಂದು ಬಾಗಿಲನ್ನು ಈ ತಿಂಗಳು ತೆರೆಯೋಣ. ಅದಕ್ಕೆ ಬೇಕಾದ ಕೃಪೆಯನ್ನು ಕರ್ತನು ನಮಗೆ ಅನುಗ್ರಹಿಸಲಿ.